ಹಳೆ ಕಂಪ್ಯೂಟರಿಗೆ ನೀಲಿ ಪೋರ್ಟು

ಮದುವೆ ಫೋಟೊ ಸ್ಟುಡಿಯೋಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. 2010ರ ಆಸುಪಾಸಿನ ಡೆಸ್ಕ್‌ಟಾಪ್‌ಗಳು ಅಲ್ಲಿ ಇನ್ನೂ ದುಡಿಯುತ್ತಿವೆ. ಅವು ಸೋಲುವುದು ಯುಎಸ್‌ಬಿ ಹತ್ತಿರ. ಗುಜರಿಗೆ ಹಾಕುವ ಮುಂಚೆ ನೀಲಿ ಪೋರ್ಟಿನ ಒಂದು ಯುಎಸ್‌ಬಿ 3.0 ಕಾರ್ಡ್ ಹಾಕಿ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

1. ಮೊದಲು ಅಳೆಯಿರಿ. ಯುಎಸ್‌ಬಿ 2.0 ಕಾಗದದ ಮೇಲೆ 480 ಮೆಗಾಬಿಟ್; ಕೈಗೆ ಸಿಗುವುದು ಸೆಕೆಂಡಿಗೆ 30–35 ಎಂಬಿ. 64 ಜಿಬಿ ವಿಡಿಯೊ ಇಳಿಸಲು ಅರ್ಧ ಗಂಟೆ ದಾಟುತ್ತದೆ. ಕಾಪಿ ವೇಗ ಅಲ್ಲಿಗೇ ಬಂದು ನಿಂತಿದ್ದರೆ ತಡೆ ಪೋರ್ಟಿನದು. ಹತ್ತು ಹನ್ನೆರಡರಲ್ಲೇ ತೆವಳುತ್ತಿದ್ದರೆ ಮೆಮೊರಿ ಕಾರ್ಡೇ ನಿಧಾನ, ಪೋರ್ಟಿಗೆ ದುಡ್ಡು ಸುರಿಯಬೇಡಿ.

2. ಸ್ಲಾಟ್ ನೋಡದೆ ಕಾರ್ಡ್ ಕೊಳ್ಳಬೇಡಿ. ನಾನು ಹೆಚ್ಚು ಕಲಿತದ್ದು ಇಲ್ಲೇ. ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್; ಹಳೆಯ ಉದ್ದನೆ ಬಿಳಿ ಪಿಸಿಐ ಸ್ಲಾಟ್ ಇದಕ್ಕೆ ಆಗದು. ಇಂಟೆಲ್ ಎಚ್55 ಬೋರ್ಡುಗಳಲ್ಲಿ ಚಿಕ್ಕ ಎಕ್ಸ್1 ಸ್ಲಾಟ್ ಮೊದಲ ತಲೆಮಾರಿನ ವೇಗದಲ್ಲೇ ಓಡುತ್ತದೆ, ಗರಿಷ್ಠ 250 ಎಂಬಿ. ಮಾಮೂಲಿ ಹಾರ್ಡ್ ಡಿಸ್ಕಿಗೆ ಅದು ಧಾರಾಳವಾಯಿತು. ಎಸ್‌ಎಸ್‌ಡಿಗೆ ಸಾಲದು. ಒಮ್ಮೆ ಎಸ್‌ಎಸ್‌ಡಿ ಹಾಕಿ, ವೇಗ ಏರದೆ, ಕಾರ್ಡೇ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಟಿದ್ದೆ. ಆ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಉದ್ದನೆಯ ಎಕ್ಸ್16 ಸ್ಲಾಟ್ ಧೂಳು ತುಂಬಿಕೊಂಡು ಖಾಲಿ ಕೂತಿತ್ತು. ಬ್ರಷ್‌ನಲ್ಲಿ ಧೂಳು ತೆಗೆದು, ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಅಲ್ಲಿ ಒತ್ತಿದೆ. ಅದು ಎರಡನೇ ತಲೆಮಾರಿನ ಸ್ಲಾಟ್. ಅದೇ ಕಾರ್ಡ್, ಅದೇ ಎಸ್‌ಎಸ್‌ಡಿ, ಆದರೆ ಕಾಪಿ ಪಟ್ಟಿ ಕಣ್ಣೆದುರೇ ಸರಸರನೆ ಓಡಿತು.

3. ಸಣ್ಣ ಕ್ಯಾಬಿನೆಟ್ ಆದರೆ ಗಿಡ್ಡ ಬ್ರ್ಯಾಕೆಟ್ ಇರುವ ಕಾರ್ಡೇ ಬೇಕು.

4. ಕರೆಂಟ್ ಮರೆಯಬೇಡಿ. ಯುಎಸ್‌ಬಿ 3.0 ಪೋರ್ಟ್ ಒಂದೊಂದೂ 900 ಮಿಲಿಆಂಪ್ ಕೊಡಬೇಕು. ಕಾರ್ಡಿನ ಮೇಲೆ ಮೋಲೆಕ್ಸ್ ಅಥವಾ ಸಾಟಾ ಪವರ್ ಕನೆಕ್ಟರ್ ಇದ್ದರೆ ಎಸ್‌ಎಂಪಿಎಸ್‌ನಿಂದ ವೈರ್ ಎಳೆದು ಸಿಕ್ಕಿಸಿ. ಸಿಕ್ಕಿಸದೆ ಬಿಟ್ಟ ಒಂದು ಕಡೆ ಎರಡನೇ ಹಾರ್ಡ್ ಡಿಸ್ಕ್ ಹಾಕಿದೊಡನೆ ಮೊದಲನೆಯದು ಟಿಕ್ ಟಿಕ್ ಎಂದು ಕಾಣೆಯಾಯಿತು. ಅದರಲ್ಲಿದ್ದದ್ದು ಒಬ್ಬರ ಮದುವೆ. ಫೈಲುಗಳು ಉಳಿದವು, ಆದರೆ ಆ ಸದ್ದು ನನಗಿನ್ನೂ ಮರೆತಿಲ್ಲ.

5. ವಿಂಡೋಸ್ 7ರಲ್ಲಿ 3.0 ಡ್ರೈವರ್ ಇಲ್ಲ. ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಟ್ಟು ಹಳೆ ಪೋರ್ಟಿನಿಂದ ಹಾಕಿ. ವಿಂಡೋಸ್ 8ರಿಂದಾಚೆಗೆ, ಲಿನಕ್ಸ್‌ನಲ್ಲಿಯೂ, ಸಾಮಾನ್ಯವಾಗಿ ತಾನೇ ಗುರುತಿಸುತ್ತದೆ.

6. ಕೇಬಲ್ ಕೂಡ 3.0 ಇರಬೇಕು. ಹಳೆಯದರಲ್ಲಿ ನಾಲ್ಕು ತಂತಿ, ಇದರಲ್ಲಿ ಒಂಬತ್ತು. ಹಳೆ ಕೇಬಲ್ ಹಾಕಿದರೆ ವೇಗವೂ ಹಳೆಯದೇ.

7. ಕೀಬೋರ್ಡ್, ಮೌಸ್ ಹಳೆ ಪೋರ್ಟಿನಲ್ಲೇ ಇರಲಿ. ಇಷ್ಟು ಹಳೆಯ ಬಯಾಸ್ ಈ ಕಾರ್ಡನ್ನು ಸಾಮಾನ್ಯವಾಗಿ ಕಾಣುವುದಿಲ್ಲ, ಅದರಿಂದ ಬೂಟ್ ಮಾಡಲೂ ಆಗದು. 3.0 ಪೋರ್ಟಿನ ಪಕ್ಕ ವೈರ್‌ಲೆಸ್ ಮೌಸ್ ತಡವರಿಸುವುದೂ ಉಂಟು: ಪೋರ್ಟಿನ ರೇಡಿಯೊ ಗದ್ದಲ ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ಗೆ ಅಡ್ಡ ಬರುತ್ತದೆ. ರಿಸೀವರನ್ನು ಕ್ಯಾಬಿನೆಟ್ ಮುಂಭಾಗದ ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ.