ಗರ್ಭಪಾತದ ನಂತರ ಚೇತರಿಕೆ: ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದ ವಸ್ತುಗಳು, ಪಾಲಿಸಬೇಕಾದ 12 ಸೂತ್ರಗಳು

ಸ್ಕ್ಯಾನಿಂಗ್‌ನಲ್ಲಿ ಹಾರ್ಟ್‌ಬೀಟ್ ಸಿಗಲಿಲ್ಲ. ಶುಕ್ರವಾರ ಡಿ ಅಂಡ್ ಸಿ ಆಯಿತು. ಸೋಮವಾರ "ಸ್ವಲ್ಪ ಜ್ವರ ಇತ್ತು" ಎಂದು ಹೇಳಿ ಆಫೀಸಿಗೆ ಲಾಗಿನ್. ಎಷ್ಟೋ ಉದ್ಯೋಗಸ್ಥ ಹೆಣ್ಣುಮಕ್ಕಳು ಮಾಡುತ್ತಿರುವುದು ಇದನ್ನೇ. ನೀವು ಹೀಗೆ ಮಾಡಬೇಡಿ.

ಖಚಿತವಾದ ಗರ್ಭಧಾರಣೆಗಳಲ್ಲಿ ನೂರಕ್ಕೆ ಸುಮಾರು 10ರಿಂದ 20 ಗರ್ಭಪಾತದಲ್ಲಿ ಕೊನೆಯಾಗುತ್ತವೆ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಆಗುತ್ತವೆ. ಇಷ್ಟು ಸಾಮಾನ್ಯವಾದರೂ ಮನೆಯಲ್ಲಿ ಇದಕ್ಕೆ ಯಾವ ತಯಾರಿಯೂ ಇರುವುದಿಲ್ಲ. ಹೆರಿಗೆಗೆ ಬ್ಯಾಗ್ ಸಿದ್ಧವಿರುತ್ತದೆ, ಬಾಣಂತನಕ್ಕೆ ಅಮ್ಮ ಬರುತ್ತಾರೆ. ಇದಕ್ಕೆ ಮಾತ್ರ "ರೆಸ್ಟ್ ತಗೋ" ಎಂಬ ಒಂದು ಮಾತು. ಆ ಮಾತನ್ನು ಒಂದು ಪ್ಲಾನ್ ಆಗಿ ಮಾಡಿಕೊಳ್ಳಿ. ಹೇಗೆ ಎಂಬುದು ಇಲ್ಲಿದೆ.

1. ಮೊದಲು ಒಂದು ಫೈಲ್ ಮಾಡಿ, ರಜೆ ಕೇಳಿ

ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಡಾಕ್ಟರ್ ಸರ್ಟಿಫಿಕೇಟ್ ಮೂರನ್ನೂ ಒಂದೇ ಫೈಲಿಗೆ ಹಾಕಿ. ಫೋಟೋ ತೆಗೆದು ಫೋನಿನಲ್ಲೂ ಇಡಿ. ನಿಮ್ಮ ವಿಶ್ರಾಂತಿಗೆ ಕಾನೂನಿನ ಆಧಾರ ಈ ಕಾಗದಗಳೇ. ಗರ್ಭಪಾತವಾದ ದಿನದ ಮರುದಿನದಿಂದ 6 ವಾರ ಸಂಬಳ ಸಹಿತ ರಜೆಯ ಹಕ್ಕನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಗರ್ಭಪಾತದಿಂದ ಕಾಯಿಲೆ ಬಿದ್ದರೆ ಇನ್ನೂ ಒಂದು ತಿಂಗಳವರೆಗೆ ರಜೆ ಕೇಳಬಹುದು. ಇಎಸ್‌ಐ ಇರುವವರು ಇದೇ 6 ವಾರದ ಸೌಲಭ್ಯವನ್ನು ಅಲ್ಲಿಂದ ಪಡೆಯಬೇಕು. ಕೇಂದ್ರ ಸರ್ಕಾರಿ ನೌಕರರಿಗೆ ಇಡೀ ಸೇವಾವಧಿಯಲ್ಲಿ ಒಟ್ಟು 45 ದಿನ ಸಿಗುತ್ತದೆ. ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿ, ಸರ್ಟಿಫಿಕೇಟ್ ಲಗತ್ತಿಸಿ. ಇದು ಉಪಕಾರ ಕೇಳುವುದಲ್ಲ, ಹಕ್ಕು ಬಳಸುವುದು.

2. ಬಾತ್‌ರೂಮ್ ಕಿಟ್ ಸಿದ್ಧಪಡಿಸಿ

ದೊಡ್ಡ ನೈಟ್ ಪ್ಯಾಡ್ ಅಥವಾ ಮೆಟರ್ನಿಟಿ ಪ್ಯಾಡ್, ಗಾಢ ಬಣ್ಣದ ಕಾಟನ್ ಒಳಉಡುಪು, ಎರಡು ಹಳೇ ಟವೆಲ್, ಹಳೇ ಪೇಪರ್, ಮುಚ್ಚಳವಿರುವ ಡಸ್ಟ್‌ಬಿನ್. ಎಲ್ಲವೂ ಬಾತ್‌ರೂಮಿನಲ್ಲೇ ಇರಲಿ. ರಕ್ತಸ್ರಾವ ಒಂದೆರಡು ವಾರ ಇರಬಹುದು, ಪ್ರತಿ ಸಲ ಬೀರು ಹುಡುಕುವ ಶ್ರಮ ನಿಮಗೆ ಬೇಡ. ಟ್ಯಾಂಪೂನ್, ಮೆನ್‌ಸ್ಟ್ರುವಲ್ ಕಪ್ ಸದ್ಯಕ್ಕೆ ಬಳಸಬೇಡಿ, ಸೋಂಕಿನ ಅಪಾಯವಿದೆ. ಬಿಸಿನೀರಿನ ಸ್ನಾನ ಮಾಡಿ. ಟಬ್ ಸ್ನಾನ, ಈಜು, ಲೈಂಗಿಕ ಸಂಪರ್ಕ ರಕ್ತಸ್ರಾವ ನಿಲ್ಲುವವರೆಗೆ ಬೇಡ.

ಬದಲಿಸಿದ ಪ್ಯಾಡ್‌ಗಳ ಲೆಕ್ಕವನ್ನು ಫೋನಿನಲ್ಲಿ ಬರೆದಿಡಿ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.

3. ಅಪಾಯದ ಪಟ್ಟಿಯನ್ನು ಗೋಡೆಗೆ ಅಂಟಿಸಿ

ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಗಂಟೆಗೆ 2 ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹಾಗೇ 2 ಗಂಟೆ ಮುಂದುವರಿಯುವುದು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ. ಕೆಟ್ಟ ವಾಸನೆಯ ಸ್ರಾವ. ಮಾತ್ರೆಗೂ ಬಗ್ಗದ ಹೊಟ್ಟೆನೋವು. ತಲೆಸುತ್ತು, ಕಣ್ಣು ಕತ್ತಲಿಡುವುದು. ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ತಲೆಸುತ್ತು ಬಂದರೆ ಪ್ಯಾಡ್ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಪಟ್ಟಿ ಮನೆಯವರ ಕಣ್ಣಿಗೆ ಬೀಳುವ ಜಾಗದಲ್ಲಿರಲಿ. "ನೋಡೋಣ, ಬೆಳಿಗ್ಗೆ ಹೋದರಾಯ್ತು" ಎನ್ನುವ ಮಾತಿಗೆ ಆಗ ಅವಕಾಶವೇ ಇರುವುದಿಲ್ಲ.

4. ಬ್ಲಡ್ ಗ್ರೂಪ್ ಚೆಕ್ ಮಾಡಿ, ಇವತ್ತೇ

ನಿಮ್ಮದು ಓ ನೆಗೆಟಿವ್, ಎ ನೆಗೆಟಿವ್ ಹೀಗೆ ಯಾವುದಾದರೂ ಆರ್‌ಎಚ್ ನೆಗೆಟಿವ್ ಗುಂಪಾದರೆ, ಆಸ್ಪತ್ರೆ ಬಿಡುವ ಮುನ್ನ "ಆಂಟಿ-ಡಿ ಇಂಜೆಕ್ಷನ್ ಬೇಕಾ?" ಎಂದು ಕೇಳಿ. ಬೇಕಾದರೆ ಅದನ್ನು 72 ಗಂಟೆಯೊಳಗೆ ಕೊಡಬೇಕು. ಮುಂದಿನ ಗರ್ಭಧಾರಣೆಯಲ್ಲಿ ಮಗುವಿನ ರಕ್ತಕಣಗಳ ಮೇಲೆ ನಿಮ್ಮ ದೇಹ ದಾಳಿ ಮಾಡದಂತೆ ಅದು ತಡೆಯುತ್ತದೆ. ಒಂದು ಪ್ರಶ್ನೆ ಕೇಳಲು ಸಂಕೋಚ ಪಡಬೇಡಿ.

5. ಹಾಸಿಗೆಯ ಪಕ್ಕ ಒಂದು ಸ್ಟೂಲ್ ಹಾಕಿ

ಅದರ ಮೇಲೆ ಹಾಟ್ ವಾಟರ್ ಬ್ಯಾಗ್, ಬಿಸಿನೀರಿನ ಫ್ಲಾಸ್ಕ್, ಥರ್ಮಾಮೀಟರ್, ಡಾಕ್ಟರ್ ಬರೆದ ನೋವಿನ ಮಾತ್ರೆ, ಚಾರ್ಜರ್, ಉದ್ದ ವೈರಿನ ಇಯರ್‌ಫೋನ್. ಮೊದಲ ದಿನಗಳಲ್ಲಿ ಗರ್ಭಕೋಶ ಕುಗ್ಗುವಾಗ ಮುಟ್ಟಿನ ನೋವಿನಂಥದೇ ಸೆಳೆತ ಬರುತ್ತದೆ, ಬಿಸಿ ಶಾಖ ಅದನ್ನು ಸಡಿಲಿಸುತ್ತದೆ. ಕುದಿಯುವ ನೀರು ತುಂಬಬೇಡಿ. ಬ್ಯಾಗನ್ನು ಬಟ್ಟೆಯಲ್ಲಿ ಸುತ್ತಿ, 15–20 ನಿಮಿಷ ಇಟ್ಟು ತೆಗೆಯಿರಿ. ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿದ್ದೆ ಹೋಗಬೇಡಿ.

ನೋವನ್ನು ಹಲ್ಲುಕಚ್ಚಿ ಸಹಿಸುವುದು ಸಾಧನೆಯಲ್ಲ. ಮಾತ್ರೆಯನ್ನು ಹೇಳಿದ ಹೊತ್ತಿಗೆ ತಗೊಳ್ಳಿ.

6. ಮೈಗೆ ಹಿತವಾದ ಬಟ್ಟೆ ಹಾಕಿ, ಅಜ್ಜಿಯ ಕೌದಿ ಹೊದೆಯಿರಿ

ಸಡಿಲವಾದ ಹಳೇ ಕಾಟನ್ ನೈಟಿ ಎರಡು ಮೂರು ತೆಗೆದಿಡಿ. ಸೊಂಟ ಬಿಗಿಯುವ ಜೀನ್ಸ್ ಬೀರುವಿನಲ್ಲೇ ಇರಲಿ. ಮನೆಯಲ್ಲಿ ಅಜ್ಜಿ ಹಳೇ ಸೀರೆ ಸೇರಿಸಿ ಹೊಲಿದ ಕೌದಿ ಇದ್ದರೆ ಅದನ್ನೇ ಹೊದೆಯಿರಿ. ತೊಳೆದು ತೊಳೆದು ಮೆತ್ತಗಾದ ಕಾಟನ್‌ನ ಹಿತ, ಮನೆಯವರ ವಾಸನೆ ಎರಡೂ ಅದರಲ್ಲಿವೆ. ಆನ್‌ಲೈನ್‌ನಲ್ಲಿ ದುಬಾರಿ ಬ್ಲಾಂಕೆಟ್ ಹುಡುಕುವ ಅಗತ್ಯವಿಲ್ಲ.

ನಾಲ್ಕೈದು ತಿಂಗಳಲ್ಲಿ ಗರ್ಭ ಹೋದವರಿಗೆ ಎದೆಹಾಲು ಇಳಿಯಬಹುದು. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಬಂದಾಗ ಗಾಬರಿಯಾಗುತ್ತದೆ. ಹಿತವಾಗಿ ಹಿಡಿಯುವ ಬ್ರಾ ಹಾಕಿ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕ್ ಇಡಿ. ಪೂರ್ತಿ ಹಿಂಡಿ ತೆಗೆಯಬೇಡಿ, ಹಿಂಡಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ.

7. ಅಡುಗೆಮನೆಯ ಡಬ್ಬಿಗಳನ್ನು ತುಂಬಿಸಿ

ಹೋದ ರಕ್ತವನ್ನು ಮರಳಿ ಕಟ್ಟಬೇಕು. ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರು, ರಾಗಿ ಗಂಜಿ, ಖರ್ಜೂರ, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ. ಊಟದ ಮೇಲೆ ನಿಂಬೆಹಣ್ಣು ಹಿಂಡಿ, ಅದರ ವಿಟಮಿನ್ ಸಿ ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಊಟದ ಜೊತೆ ಕಾಫಿ, ಟೀ ಬೇಡ, ಒಂದು ಗಂಟೆಯ ಗ್ಯಾಪ್ ಕೊಡಿ. ಡಾಕ್ಟರ್ ಐರನ್ ಮಾತ್ರೆ ಕೊಟ್ಟಿದ್ದರೆ ನಿಲ್ಲಿಸಬೇಡಿ. ಅದರಿಂದ ಮಲ ಕಪ್ಪಗಾಗುವುದು ಸಹಜ. ಮಲಬದ್ಧತೆ ಆದರೆ ಹಣ್ಣು, ನೀರು ಹೆಚ್ಚಿಸಿ.

ಅಮ್ಮ ಮಾಡಿದ ಅಂಟಿನ ಉಂಡೆ, ಬಿಸಿ ಮೆಣಸಿನ ಸಾರು, ಜೀರಿಗೆ ಕಷಾಯ ಎಲ್ಲ ಖುಷಿಯಿಂದ ತಗೊಳ್ಳಿ. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೇ ಪದ್ಧತಿಗೆ ಮಾತ್ರ "ಬೇಡಮ್ಮ, ಡಾಕ್ಟರ್ ನೀರು ಚೆನ್ನಾಗಿ ಕುಡಿ ಅಂದಿದ್ದಾರೆ" ಎನ್ನಿ.

8. ಫೋನನ್ನು ಕ್ಲೀನ್ ಮಾಡಿ

ಪ್ರೆಗ್ನೆನ್ಸಿ ಆ್ಯಪ್ ತೆರೆಯಿರಿ, ಸೆಟ್ಟಿಂಗ್ಸ್‌ನಲ್ಲಿ "ಲಾಸ್" ದಾಖಲಿಸುವ ಆಯ್ಕೆ ಇದ್ದರೆ ಒತ್ತಿ, ಇಲ್ಲದಿದ್ದರೆ ಅಕೌಂಟ್ ಡಿಲೀಟ್ ಮಾಡಿ. ಆ್ಯಪ್ ತೆಗೆದರಷ್ಟೇ ಸಾಲದು, "ನಿಮ್ಮ ಮಗು ಈಗ ನಿಂಬೆಹಣ್ಣಿನಷ್ಟು" ಎಂಬ ಮೇಲ್ ಬರುತ್ತಲೇ ಇರುತ್ತದೆ. ಮಗುವಿನ ಬಟ್ಟೆ, ತೊಟ್ಟಿಲ ಜಾಹೀರಾತು ಬಂದಾಗ "ಬೇಡ" ಎಂದು ಒತ್ತಿ. ಮುಂದಿನ ಸ್ಕ್ಯಾನ್ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿಸಿ. ತಾಯಿ ಕಾರ್ಡ್ ಮಾಡಿಸಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲದಿದ್ದರೆ ಏಳನೇ ತಿಂಗಳಲ್ಲಿ "ಹೇಗಿದ್ದೀರಿ, ಚೆಕಪ್‌ಗೆ ಬನ್ನಿ" ಎಂದು ಫೋನ್ ಬರುತ್ತದೆ. ಈ ಕೆಲಸವನ್ನು ನೀವೇ ಮಾಡಬೇಕಿಲ್ಲ, ತಂಗಿಗೋ ಗಂಡನಿಗೋ ಫೋನ್ ಕೊಟ್ಟು ಮಾಡಿಸಿ. ಇನ್ನೊಂದು ಮಾತು: ಯೂರಿನ್ ಟೆಸ್ಟ್ ಕೆಲವು ವಾರ ಪಾಸಿಟಿವ್ ತೋರಿಸಬಹುದು. ಹಾರ್ಮೋನ್ ಇಳಿಯಲು ಸಮಯ ಬೇಕು, ಸುಮ್ಮನೆ ಟೆಸ್ಟ್ ಮಾಡಿ ಮನಸ್ಸು ಕಲಕಿಕೊಳ್ಳಬೇಡಿ.

9. ಒಂದು ಉತ್ತರ ರೆಡಿ ಇಟ್ಟುಕೊಳ್ಳಿ, ಒಬ್ಬರನ್ನು ಬಾಗಿಲಿಗೆ ನಿಲ್ಲಿಸಿ

"ಈ ಸಲ ನಿಲ್ಲಲಿಲ್ಲ ಅತ್ತೆ. ಈಗ ರೆಸ್ಟ್ ಮಾಡ್ತಿದ್ದೀನಿ, ಆಮೇಲೆ ಮಾತಾಡೋಣ." ಇಷ್ಟೇ ಸಾಕು. ಕಂಠಪಾಠ ಮಾಡಿ. ಬಂಧುಗಳ ಫೋನನ್ನೆಲ್ಲ ಅಕ್ಕನೋ ಅತ್ತಿಗೆಯೋ ಒಬ್ಬರೇ ತಗೊಳ್ಳಲಿ. ಅದೇ ಕಥೆಯನ್ನು ದಿನಕ್ಕೆ ಹತ್ತು ಸಲ ಹೇಳಿದರೆ ಹತ್ತು ಸಲ ನೋವಾಗುತ್ತದೆ. "ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ ಬಿಡು" ಎನ್ನುವವರ ಜೊತೆ ವಾದ ಮಾಡಬೇಡಿ. ನಿಮ್ಮ ಶಕ್ತಿಯನ್ನು ಉಳಿಸಿಕೊಳ್ಳಿ.

10. "ನಾನೇ ಏನೋ ಮಾಡಿದೆ" ಎಂಬ ಯೋಚನೆಯನ್ನು ಕತ್ತರಿಸಿ

ಸ್ಕೂಟರ್ ಓಡಿಸಿದ್ದಕ್ಕಾ? ಮೆಟ್ಟಿಲು ಹತ್ತಿದ್ದಕ್ಕಾ? ಎರಡು ತುಂಡು ಪಪ್ಪಾಯಿ ತಿಂದಿದ್ದಕ್ಕಾ? ಡೆಡ್‌ಲೈನ್ ಟೆನ್ಷನ್‌ಗಾ? ಅಲ್ಲ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್‌ಗಳಲ್ಲಿನ ವ್ಯತ್ಯಾಸ ಕಾರಣ. ಗರ್ಭ ಕಟ್ಟುವ ಹೊತ್ತಿಗೇ ಅದು ನಿರ್ಧಾರವಾಗಿರುತ್ತದೆ. ದಿನನಿತ್ಯದ ಕೆಲಸ, ಮಾಮೂಲಿ ಓಡಾಟ ಅದನ್ನು ತರುವುದೂ ಇಲ್ಲ, ತಪ್ಪಿಸುವುದೂ ಇಲ್ಲ.

ಒಂದು ನೋಟ್‌ಬುಕ್ ಇಡಿ. ರಾತ್ರಿ ಕಾಡುವ ಪ್ರತಿ ಪ್ರಶ್ನೆಯನ್ನು ಅದರಲ್ಲಿ ಬರೆದು, ಫಾಲೋಅಪ್ ದಿನ ಡಾಕ್ಟರ್ ಮುಂದೆ ಒಂದೊಂದಾಗಿ ಓದಿ. ಬರೆದ ಪ್ರಶ್ನೆಗೆ ಉತ್ತರ ಸಿಗುತ್ತದೆ. ತಲೆಯಲ್ಲೇ ಉಳಿದದ್ದು ಬೆಳೆಯುತ್ತಲೇ ಹೋಗುತ್ತದೆ. ಮುಂದಿನ ಪ್ರಯತ್ನ ಯಾವಾಗ ಎಂಬುದನ್ನೂ ಅಲ್ಲೇ ಕೇಳಿ. ಮುಟ್ಟು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಬರುತ್ತದೆ. ಆದರೆ ಅಂಡಾಣು ಬಿಡುಗಡೆ 2 ವಾರಕ್ಕೇ ಆಗಬಹುದು, ಹಾಗಾಗಿ ಸದ್ಯಕ್ಕೆ ಬೇಡವೆನಿಸಿದರೆ ಗರ್ಭನಿರೋಧಕದ ಬಗ್ಗೆಯೂ ವಿಚಾರಿಸಿ. ಬೇಕೆನಿಸಿದರೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಬಗ್ಗೆ ಕೇಳಿ.

11. ನೆನಪಿಗೆ ಒಂದು ಜಾಗ ಕೊಡಿ, ಗಂಡನಿಗೊಂದು ಕೆಲಸ ಕೊಡಿ

ಸ್ಕ್ಯಾನ್ ಫೋಟೋ, ಟೆಸ್ಟ್ ಕಿಟ್, ಆಸೆಪಟ್ಟು ಕೊಂಡಿದ್ದ ಪುಟ್ಟ ಕುಲಾವಿ. ಎಸೆಯಬೇಕೋ ಇಟ್ಟುಕೊಳ್ಳಬೇಕೋ ಎಂದು ಈಗಲೇ ತೀರ್ಮಾನಿಸಬೇಡಿ. ಒಂದು ಡಬ್ಬಿಗೆ ಹಾಕಿ, ಮುಚ್ಚಿ, ಅಟ್ಟದ ಮೇಲಿಡಿ. ಮೊದಲ ವಾರದ ತೀರ್ಮಾನಕ್ಕೆ ಆರು ತಿಂಗಳಲ್ಲಿ ಪಶ್ಚಾತ್ತಾಪ ಬರಬಹುದು, ಡಬ್ಬಿ ಇದ್ದರೆ ಬದಲಾಯಿಸಿಕೊಳ್ಳಬಹುದು. ಹಿತ್ತಲಲ್ಲಿ ಗಿಡ ನೆಡಬೇಕೆನಿಸಿದರೆ ನೆಡಿ. ಹಲವು ದೇಶಗಳಲ್ಲಿ ಅಕ್ಟೋಬರ್ 15ನ್ನು ಹೀಗೆ ಕಳೆದುಕೊಂಡ ಮಕ್ಕಳನ್ನು ನೆನೆಯುವ ದಿನವಾಗಿ ಆಚರಿಸುತ್ತಾರೆ, ಅಂದು ದೀಪ ಹಚ್ಚುತ್ತಾರೆ. ಏನೂ ಬೇಡ ಎನಿಸಿದರೆ ಅದೂ ಸರಿ.

ಗಂಡನಿಗೂ ದುಃಖವಿದೆ, ತೋರಿಸಲು ಗೊತ್ತಿಲ್ಲ. ಆದ್ದರಿಂದ ಈ ಪುಟವನ್ನೇ ಕೈಗೆ ಕೊಡಿ. ಫ್ಲಾಸ್ಕ್ ತುಂಬಿಸುವುದು, ಪ್ಯಾಡ್ ತರುವುದು, ಎಚ್‌ಆರ್ ಮೇಲ್ ಟೈಪ್ ಮಾಡುವುದು ಅವರ ಕೆಲಸ. ಕನಿಷ್ಠ ಮೂರು ದಿನ ರಜೆ ಹಾಕಲಿ. ನ್ಯೂಜಿಲೆಂಡ್ 2021ರಲ್ಲಿ ಗರ್ಭಪಾತಕ್ಕೆ ತಂದ ಮೂರು ದಿನದ ಶೋಕ ರಜೆ ಸಂಗಾತಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಸಿಎಲ್ ಇದೆಯಲ್ಲ!

12. ಆಫೀಸಿಗೆ ಮರಳುವುದನ್ನೂ ಪ್ಲಾನ್ ಮಾಡಿ

ಸೋಮವಾರ ಹೋಗಬೇಡಿ, ಬುಧವಾರ ಅಥವಾ ಗುರುವಾರ ಶುರು ಮಾಡಿ. ಎರಡು ಮೂರು ದಿನ ಕಳೆದರೆ ವಾರಾಂತ್ಯ ಸಿಗುತ್ತದೆ. ಬ್ಯಾಗಿನಲ್ಲಿ ಪ್ಯಾಡ್, ಒಂದು ಜೊತೆ ಬದಲಿ ಬಟ್ಟೆ, ನೀರಿನ ಬಾಟಲ್, ಖರ್ಜೂರದ ಡಬ್ಬಿ ಇರಲಿ. ಮ್ಯಾನೇಜರ್‌ಗೆ ಎಷ್ಟು ಹೇಳಬೇಕು ಎಂಬುದು ನಿಮ್ಮ ಆಯ್ಕೆ. "ಮೆಡಿಕಲ್ ರಿಕವರಿ, ಎರಡು ವಾರ ಲೈಟ್ ಶೆಡ್ಯೂಲ್ ಬೇಕು" ಎಂದರೆ ಸಾಕು. ಸಹೋದ್ಯೋಗಿಗಳು "ಏನಾದ್ರೂ ಬೇಕಾ?" ಎಂದರೆ "ಏನೂ ಬೇಡ" ಎನ್ನಬೇಡಿ. "ಮಧ್ಯಾಹ್ನದ ಊಟ ತಂದುಕೊಡಿ" ಎನ್ನಿ. ಬಿಸಿ ಊಟದ ಡಬ್ಬಿಗಿಂತ ಒಳ್ಳೆಯ ಗಿಫ್ಟ್ ಹ್ಯಾಂಪರ್ ಇಲ್ಲ.

ಎರಡು ವಾರ ದಾಟಿದರೂ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋದರೆ ಅದನ್ನು ವೀಕ್‌ನೆಸ್ ಎನ್ನಬೇಡಿ, ಚಿಕಿತ್ಸೆ ಪಡೆಯಿರಿ. ಬದುಕುವುದೇ ಬೇಡ ಎನಿಸಿದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ನೀಡುತ್ತಿದೆ. ನಂಬರನ್ನು ಈಗಲೇ ಸೇವ್ ಮಾಡಿ.

ಈ ಪಟ್ಟಿಯಲ್ಲಿ ಹೆಚ್ಚಿನ ವಸ್ತುಗಳು ನಿಮ್ಮ ಮನೆಯಲ್ಲೇ ಇವೆ, ಉಳಿದವು ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿವೆ. ಇಲ್ಲದಿರುವುದು "ನನಗೆ ಆರೈಕೆ ಬೇಕು" ಎಂದು ಹೇಳುವ ಅಭ್ಯಾಸ ಮಾತ್ರ. ಅದನ್ನು ಇವತ್ತೇ ಶುರು ಮಾಡಿ. ನಿಮಗಲ್ಲದಿದ್ದರೆ, ಇದೇ ಸ್ಥಿತಿಯಲ್ಲಿರುವ ತಂಗಿಗೋ ಗೆಳತಿಗೋ ಒಂದು ಬ್ಯಾಗ್ ತುಂಬಿ ತಗೊಂಡು ಹೋಗಿ. ಸಲಹೆ ಬೇಡ, ಬ್ಯಾಗ್ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ.