ಬಾಣಂತಿ ಕೋಣೆಯ ಕೆಂಡ: ಬೆಚ್ಚಗೂ ಇರಲಿ, ಉಸಿರೂ ಇರಲಿ

ಮಳೆಗಾಲ ಕಾಲಿಟ್ಟಿತೆಂದರೆ ಮಲೆನಾಡು, ಕೊಡಗಿನ ಮನೆಗಳಲ್ಲಿ ಬೆಂಕಿಗೆ ಬಿಡುವಿಲ್ಲ. ಬಚ್ಚಲ ಹಂಡೆಯ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಲೇ ಇರುತ್ತದೆ. ಅದರ ಮುಂದೆ ಅಜ್ಜ ಕೈಕಾಲು ಕಾಯಿಸಿಕೊಳ್ಳುತ್ತಾರೆ, ಮಕ್ಕಳ ಒದ್ದೆ ಬಟ್ಟೆ ಒಣಗುತ್ತದೆ, ಕೆಂಡದಲ್ಲಿ ಹಲಸಿನ ಬೀಜ ಬೇಯುತ್ತದೆ. ಮನೆಯಲ್ಲಿ ಬಾಣಂತಿಯಿದ್ದರೆ ಕೇಳುವುದೇ ಬೇಡ. ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಆಕೆಯ ಮಂಚದ ಬಳಿ ಇಡುವುದು, ಗಾಳಿ ನುಗ್ಗದಂತೆ ಕಿಟಕಿಯ ಸಂದಿಗೆ ಬಟ್ಟೆ ತುರುಕುವುದು, ಸಾಂಬ್ರಾಣಿ ಹೊಗೆ ಹಾಕುವುದು, ಇವೆಲ್ಲ ಪ್ರೀತಿಯಿಂದಲೇ ನಡೆಯುತ್ತವೆ.

ಆದರೆ ಈ ಪ್ರೀತಿಯಲ್ಲೇ ಒಂದು ಅಪಾಯ ಅಡಗಿದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ತಾಗುತ್ತದೆ. ಹಾಗಾಗಿ ಅದರಿಂದ ದೂರ ಸರಿಯುತ್ತೇವೆ. ಹೊಗೆಯಿಲ್ಲದ ನಿಗಿನಿಗಿ ಕೆಂಡವನ್ನು ಮಾತ್ರ ನಿರಪಾಯಕಾರಿ ಎಂದು ನಂಬಿ ಮಲಗುವ ಕೋಣೆಗೇ ಕರೆದುಕೊಳ್ಳುತ್ತೇವೆ. ವಾಸ್ತವವಾಗಿ, ಮುಚ್ಚಿದ ಕೋಣೆಯಲ್ಲಿ ಹೊಗೆಗಿಂತ ಬೇಗ ಪ್ರಾಣ ತೆಗೆಯಬಲ್ಲದ್ದು ಈ ಕೆಂಡವೇ.

ಕೆಂಡದ ಕಾಣದ ವಿಷ

ಸೌದೆ ಅಥವಾ ಇದ್ದಿಲು ಪೂರ್ತಿ ಉರಿಯಲು ಧಾರಾಳವಾಗಿ ಗಾಳಿ ಬೇಕು. ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಈ ಅನಿಲದ ಮೇಲೆ 200 ಪಟ್ಟಿಗೂ ಹೆಚ್ಚು ಸೆಳೆತ. ಆದ್ದರಿಂದ ಅಲ್ಪ ಪ್ರಮಾಣದಲ್ಲಿದ್ದರೂ ಅದು ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ಮಿದುಳು, ಹೃದಯಗಳು ಆಮ್ಲಜನಕವಿಲ್ಲದೆ ಸೊರಗುತ್ತವೆ.

ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು. ಬಳಿಕ ಮಂಪರು, ಗೊಂದಲ, ಎಚ್ಚರ ತಪ್ಪುವುದು. ಮಲಗಿದವರಿಗೆ ಈ ಮುನ್ಸೂಚನೆಗಳು ತಿಳಿಯುವುದೇ ಇಲ್ಲ. ನಿದ್ದೆಯಲ್ಲೇ ಪ್ರಜ್ಞೆ ಹೋಗಬಹುದು. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿ, ನವಜಾತ ಶಿಶು, ಗರ್ಭಿಣಿ, ಹೃದ್ರೋಗಿ, ವೃದ್ಧರು ಇವರಿಗೆ ಅಪಾಯ ಹೆಚ್ಚು. ಎಳೆಗೂಸು ತನಗೆ ತಲೆನೋವೆಂದು ಹೇಳಲಾರದು. ಹಾಲು ಕುಡಿಯದೆ ಮಂಕಾಗಿ ಮಲಗಿದರೆ 'ಬೆಚ್ಚಗೆ ನಿದ್ದೆ ಮಾಡುತ್ತಿದೆ' ಎಂದೇ ನಾವು ತಿಳಿಯುತ್ತೇವೆ.

'ನಮ್ಮ ಕಾಲದಲ್ಲಿ ಏನೂ ಆಗಲಿಲ್ಲವಲ್ಲ?'

ಹಿರಿಯರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬೆಂಕಿಯಲ್ಲಿಲ್ಲ, ಮನೆಯಲ್ಲಿದೆ. ಅಂದಿನದು ಹೆಂಚಿನ ಅಥವಾ ಹುಲ್ಲಿನ ಮಾಡು. ಹೆಂಚುಗಳ ನಡುವೆ, ಗೋಡೆಗೂ ಮಾಡಿಗೂ ನಡುವೆ ಸಂದುಗಳಿದ್ದವು. ಮರದ ಬಾಗಿಲು ಎಷ್ಟು ಹಾಕಿದರೂ ಗಾಳಿ ಆಡುತ್ತಿತ್ತು. ಅಲ್ಲೂ ಅಪಾಯ ಇರಲಿಲ್ಲವೆಂದಲ್ಲ, ಕಡಿಮೆಯಿತ್ತು. ಇಂದು ತಾರಸಿ ಮನೆ, ಗಾಜಿನ ಕಿಟಕಿ, ಬಿಗಿಯಾಗಿ ಕೂರುವ ಬಾಗಿಲು. ಪದ್ಧತಿ ಹಳೆಯದು, ಕೋಣೆ ಹೊಸದು. ಹೀಗಾಗಿ ಅಜ್ಜಿಯ ಕಾಲದ ಕೆಂಡವನ್ನು ಮೊಮ್ಮಗಳ ಕೋಣೆಗೆ ತರುವಂತಿಲ್ಲ. ಚಳಿಗೆಂದು ಮಲಗುವ ಕೋಣೆಯಲ್ಲೋ ಡೇರೆಯಲ್ಲೋ ಇದ್ದಿಲ ಒಲೆ ಇಟ್ಟುಕೊಳ್ಳುವ ಪ್ರವಾಸಿಗರಿಗೂ ಇದೇ ಮಾತು ಅನ್ವಯಿಸುತ್ತದೆ.

ಕೆಂಡವಿಲ್ಲದೆ ಬಾಣಂತಿಯನ್ನು, ಮಗುವನ್ನು ಬೆಚ್ಚಗಿಡುವುದು ಹೇಗೆ? ಮಗುವಿಗೆ ತಾಯಿಯ ಮೈಗಿಂತ ಒಳ್ಳೆಯ ಅಗ್ಗಿಷ್ಟಿಕೆ ಇಲ್ಲ. ಡೈಪರ್, ಟೊಪ್ಪಿಗೆ, ಕಾಲುಚೀಲ ಮಾತ್ರ ಹಾಕಿದ ಮಗುವನ್ನು ತಾಯಿ ತನ್ನ ಬರಿಯ ಎದೆಗೆ ಒರಗಿಸಿಕೊಂಡು, ಮಗುವಿನ ಮುಖ ಮುಚ್ಚದಂತೆ ಮೇಲೊಂದು ಹೊದಿಕೆ ಹೊದೆಯಬೇಕು. ಈ ರೀತಿ ಹಿಡಿದುಕೊಂಡಾಗ ತಾಯಿ ಎಚ್ಚರವಾಗಿರಬೇಕು. ತಾಯಿಗೆ ಉಣ್ಣೆ ಬಟ್ಟೆ, ಬಿಸಿ ಊಟ, ಬಿಸಿನೀರ ಸ್ನಾನ ಸಾಕು. ಹಾಸಿಗೆಯನ್ನು ಮೊದಲೇ ಬಿಸಿನೀರ ಚೀಲದಿಂದ ಬೆಚ್ಚಗೆ ಮಾಡಿ, ಮಗುವನ್ನು ಮಲಗಿಸುವ ಮುನ್ನ ಚೀಲವನ್ನು ತೆಗೆದುಬಿಡಿ. ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ಕೂದಲನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಲದೆ?

ಹೊಗೆಯೂ ಮಿತ್ರನಲ್ಲ

ಹಾಗೆಂದು ಹೊಗೆಯನ್ನು ಕಡೆಗಣಿಸುವಂತಿಲ್ಲ. ಸೌದೆಯ ಹೊಗೆಯಲ್ಲಿರುವ ಹೆಚ್ಚಿನ ಕಣಗಳು 2.5 ಮೈಕ್ರಾನ್‌ಗಿಂತ ಚಿಕ್ಕವು. ಅಂದರೆ ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲಿಗಿಂತಲೂ ಸಣ್ಣವು. ಮೂಗಿನ ರೋಮಗಳಿಗೆ ಸಿಕ್ಕದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವರ್ಷಗಟ್ಟಲೆ ಒಲೆ ಊದಿದ ಹೆಂಗಸರಲ್ಲಿ ಬೀಡಿ ಸಿಗರೇಟು ಮುಟ್ಟದಿದ್ದರೂ ದೀರ್ಘಕಾಲದ ಕೆಮ್ಮು, ಏದುಸಿರು ಕಾಣುವುದು ಇದರಿಂದಲೇ. ಮಕ್ಕಳಲ್ಲಿ ನ್ಯುಮೋನಿಯಾ, ದೊಡ್ಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಕಣ್ಣಿನ ಪೊರೆಗೂ ಮನೆಯೊಳಗಿನ ಹೊಗೆಗೂ ನಂಟಿದೆ. ಮನೆಯ ಒಲೆಗಳಿಂದಾಗುವ ವಾಯುಮಾಲಿನ್ಯಕ್ಕೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೆ, ಮೈ ಕಾಯಿಸಲು ಸೌದೆಯೇ ಗತಿ. ಆದ್ದರಿಂದ ಸೌದೆಯನ್ನೂ ಒಲೆಯನ್ನೂ ಸರಿಪಡಿಸಿಕೊಳ್ಳುವುದು ಜಾಣತನ.

ಎಂಥ ಸೌದೆ ಒಳ್ಳೆಯದು?

ಮರದ ಜಾತಿಗಿಂತ ಅದು ಎಷ್ಟು ಒಣಗಿದೆ ಎಂಬುದು ಮುಖ್ಯ. ಆಗ ತಾನೆ ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಶಾಖವೆಲ್ಲ ಆ ನೀರನ್ನು ಆವಿ ಮಾಡುವುದರಲ್ಲೇ ವ್ಯರ್ಥವಾಗುತ್ತದೆ. ಒಲೆ ತಣ್ಣಗಿರುತ್ತದೆ, ಹೊಗೆ ಎದ್ದೇಳುತ್ತದೆ, ಚಿಮಣಿಯೊಳಗೆ ಡಾಂಬರಿನಂಥ ಜಿಡ್ಡು ಕಟ್ಟುತ್ತದೆ. ಈ ಜಿಡ್ಡಿಗೆ ಬೆಂಕಿ ತಗಲಿ ಮಾಡಿಗೇ ಹತ್ತುವುದುಂಟು. ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಸೌದೆ ಚೆನ್ನಾಗಿ ಉರಿಯುತ್ತದೆ.

ಅಳತೆಯ ಯಂತ್ರ ಬೇಕಾಗಿಲ್ಲ. ಒಣ ಸೌದೆ ಹಗುರ. ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ. ತೊಗಟೆ ಸುಲಭವಾಗಿ ಕಳಚುತ್ತದೆ. ಎರಡು ತುಂಡುಗಳನ್ನು ಬಡಿದರೆ 'ಟಣ್' ಎನ್ನುತ್ತದೆ. ಹಸಿಯದು 'ದಪ್' ಎನ್ನುತ್ತದೆ, ಉರಿಯುವಾಗ ತುದಿಯಲ್ಲಿ ನೊರೆ ಕಾರುತ್ತದೆ. ಮಳೆಗಾಲ ಮುಗಿದೊಡನೆ ಕಡಿದು, ಸೀಳಿ, ಬೇಸಿಗೆಯ ಬಿಸಿಲಿಗೆ ಒಣಗಿಸಿ, ಮುಂಗಾರಿಗೆ ಮೊದಲೇ ಕೊಟ್ಟಿಗೆ ಸೇರಿಸುವ ನಮ್ಮ ರೈತರ ಕ್ರಮ ಶಾಸ್ತ್ರೀಯವಾದುದೇ. ರಾಶಿ ನೆಲಕ್ಕೆ ತಾಗದಿರಲಿ, ನಡುವೆ ಗಾಳಿಯಾಡಲಿ. ಸರ್ವೆ, ಜಾಲಿ, ಹುಣಸೆ, ಹಳೆಯ ಕಾಫಿ ಗಿಡದಂಥ ಗಟ್ಟಿ ಕಟ್ಟಿಗೆ ಹೆಚ್ಚು ಹೊತ್ತು ಶಾಖ ಕೊಡುತ್ತದೆ. ಹಾಲುವಾಣದಂಥ ಮೆದು ಮರ ಬೇಗ ಉರಿದುಹೋಗುತ್ತದೆ.

ಯಾವುದನ್ನು ಸುಡಬಾರದು?

ಒಲೆ ಕಸದ ಬುಟ್ಟಿಯಲ್ಲ. ಕೆಳಗಿನವು ಒಲೆಗೆ ಬೇಡವೇ ಬೇಡ:

* ಬಣ್ಣ ಬಳಿದ ಹಳೆಯ ಬಾಗಿಲು, ಕಿಟಕಿ. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು. ಅದು ಮಕ್ಕಳ ಮಿದುಳಿಗೆ ಹಾನಿಕರ.
* ಪ್ಲೈವುಡ್ ಹಾಗೂ ಅಂಟಿನಿಂದ ಮಾಡಿದ ಹಲಗೆಗಳು.
* ಗೆದ್ದಲು ಹತ್ತದಂತೆ ಔಷಧಿ ಏರಿಸಿದ ಕಂಬಗಳು. ಕೆಲವುದರಲ್ಲಿ ಆರ್ಸೆನಿಕ್ ಇರುತ್ತದೆ. ಅದು ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಹಳೆಯ ರೈಲ್ವೆ ಸ್ಲೀಪರ್ ಮರವೂ ಬೇಡ.
* ಒಲೆ ಹಚ್ಚಲು ಪ್ಲಾಸ್ಟಿಕ್ ಚೀಲ, ಟೈರಿನ ತುಂಡು, ವೈರು.
* ಕಣಗಿಲೆ. ಕಾಡುಗೇರಿನಂತೆ ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳಿಸುವ ಮರಗಳೂ ಬೇಡ. ಅವುಗಳ ಹೊಗೆ ಕಣ್ಣು, ಗಂಟಲು, ಶ್ವಾಸಕೋಶವನ್ನು ಕೆರಳಿಸಬಲ್ಲದು.

ಸೌದೆ ರಾಶಿಗೆ ನೇರವಾಗಿ ಕೈಹಾಕಬೇಡಿ. ಹಾವು, ಚೇಳುಗಳಿಗೆ ಅದು ಇಷ್ಟದ ತಾಣ. ಕೋಲಿನಿಂದ ಕದಲಿಸಿ, ಬೆಳಕಿನಲ್ಲಿ ತೆಗೆಯಿರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಅದು ಕಾಣಿಸಿಕೊಳ್ಳುವ ಊರುಗಳಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಟ್ಟಿಗೆ, ದರಗು ತರಲು ಹೋಗುವವರು ಮೈತುಂಬ ಬಟ್ಟೆ ಧರಿಸಿ, ಉಣ್ಣೆ ಹತ್ತದ ತೈಲ ಹಚ್ಚಿಕೊಳ್ಳಬೇಕು. ಮರಳಿದ ಮೇಲೆ ಬಿಸಿನೀರಿನಲ್ಲಿ ಸೋಪು ಹಾಕಿ ಮೈ ತೊಳೆಯಬೇಕು.

ಒಲೆ ಹೇಗಿರಬೇಕು?

ಹೊಗೆಗೆ ಹೊರಹೋಗುವ ದಾರಿ, ಬೆಂಕಿಗೆ ಒಳಬರುವ ಗಾಳಿ, ಇವೆರಡೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಕಲಿಸಿದ ಪಾಠವೂ ಇದೇ: ಕೆಳಗೆ ಗಾಳಿಗಾಗಿ ಕಬ್ಬಿಣದ ಜಾಲರಿ, ಹಿಂದೆ ಹೊಗೆಗಾಗಿ ಚಿಮಣಿ. ಚಿಮಣಿಯ ತುದಿ ಮಾಡಿಗಿಂತ ಎತ್ತರವಿರಲಿ. ಆಗಾಗ ಮಸಿ ತೆಗೆಸಿ, ಹಕ್ಕಿಗೂಡು ಕಟ್ಟಿದೆಯೇ ನೋಡಿ. ಬೂದಿಯೊಳಗೆ ಕೆಂಡ ಒಂದು ದಿನಕ್ಕೂ ಮೀರಿ ಜೀವಂತವಿರಬಹುದು. ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ ಮನೆಯ ಹೊರಗಿಡಿ. ಮೈ ಕಾಯಿಸುವುದು ಎಚ್ಚರವಿರುವಾಗ, ಚಿಮಣಿಯ ಒಲೆಯ ಮುಂದೆ ಮಾತ್ರ. ಮಲಗುವ ಕೋಣೆಗೆ ಕೆಂಡ ಹೋಗಕೂಡದು. ಅನಿಲ ಸೋರಿದರೆ ಕೂಗಿ ಎಚ್ಚರಿಸುವ ಕಾರ್ಬನ್ ಮೊನಾಕ್ಸೈಡ್ ಸೂಚಕ ಯಂತ್ರಗಳೂ ಈಗ ದೊರೆಯುತ್ತವೆ.

ಆಪತ್ತು ಬಂದರೆ?

ಕೆಂಡವಿಟ್ಟ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಊಟದ ದೋಷವೆಂದು ಕುಳಿತುಕೊಳ್ಳಬೇಡಿ. ಬಾಗಿಲು, ಕಿಟಕಿ ತೆರೆದು ಎಲ್ಲರನ್ನೂ ತಕ್ಷಣ ಹೊರಗೆ ತನ್ನಿ. ಒಳಹೋಗುವವರೂ ಅಲ್ಲಿ ನಿಲ್ಲಬಾರದು. 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರಿಗೆ ನೀರು, ಕಾಫಿ ಕುಡಿಸಬೇಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಈಗ ಅನೇಕ ಮನೆಗಳಲ್ಲಿದೆ. ಇಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ 98, 99 ತೋರಿಸಬಹುದು. ಆಸ್ಪತ್ರೆಯಲ್ಲಿ 'ಕೋಣೆಯಲ್ಲಿ ಕೆಂಡ ಇಟ್ಟಿದ್ದೆವು' ಎಂದು ಮೊದಲೇ ತಿಳಿಸಿ. ಶುದ್ಧ ಆಮ್ಲಜನಕ ಕೊಡುವುದೇ ಮುಖ್ಯ ಚಿಕಿತ್ಸೆ. ಆ ಒಂದು ಮಾತಿನಿಂದ ಅದು ಬೇಗ ಆರಂಭವಾಗುತ್ತದೆ.

ಈ ಸಲ ನಿಮ್ಮ ಮನೆಗೆ ಬಾಣಂತಿ ಬಂದರೆ ಅಗ್ಗಿಷ್ಟಿಕೆ ಜಗಲಿಯಲ್ಲೇ ಇರಲಿ. ಕಂಬಳಿ ಇನ್ನೊಂದು ಹೊದಿಸಿ, ಕಿಟಕಿ ಎರಡು ಬೆರಳಷ್ಟಾದರೂ ತೆರೆದಿಡಿ.