ಡೌನ್‌ಲೋಡ್ ಮಾಡಿಕೊಂಡ ತಂತ್ರಾಂಶದ ಸಹಿ ಪರಿಶೀಲನೆ: ಒಂದು ಅಧ್ಯಯನ

ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಮತ್ತು ನಮೂನೆ-11ಕ್ಕೆ ಡಿಜಿಟಲ್ ಸಹಿ ಮಾಡುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೆಲ್ಲರಿಗೂ ಡಾಂಗಲ್ ಪರಿಚಿತ ವಸ್ತು. ಆ ಡಾಂಗಲ್ ಕೆಲಸ ಮಾಡಬೇಕಾದರೆ ಗಣಕಯಂತ್ರದಲ್ಲಿ ಮೊದಲು ಅದರ ಡ್ರೈವರ್ ತಂತ್ರಾಂಶವನ್ನು ಸ್ಥಾಪಿಸಬೇಕಾಗುತ್ತದೆ. ಆ ತಂತ್ರಾಂಶಕ್ಕೂ ಅದನ್ನು ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ ಎಂಬುದನ್ನು ನಮ್ಮಲ್ಲಿ ಗಮನಿಸುವವರು ವಿರಳ. ನಾವು ಹಾಕುವ ಸಹಿಯ ವಿಷಯದಲ್ಲಿರುವ ಎಚ್ಚರ, ನಮ್ಮ ಬಳಿಗೆ ಬಂದ ಸಹಿಯನ್ನು ನೋಡುವಾಗ ಇರುವುದಿಲ್ಲ.

ನಮ್ಮ ಕಚೇರಿಯ ಗಣಕಯಂತ್ರ ಕೆಟ್ಟು ಹೊಸದಾಗಿ ವಿಂಡೋಸ್ ಹಾಕಿಸಿದ ದಿನ ಡಾಂಗಲ್ ಕೆಲಸ ಮಾಡಲಿಲ್ಲ. ಬ್ಯಾಂಕ್ ಸಾಲಕ್ಕಾಗಿ ನಮೂನೆ-9 ಬೇಕಿದ್ದ ಅರ್ಜಿದಾರರು ಬೆಳಗಿನಿಂದ ಹೊರಗೆ ಕಾದಿದ್ದರು. ನಮ್ಮ ಡಾಟಾ ಎಂಟ್ರಿ ಆಪರೇಟರ್ ಪರಿಚಿತರೊಬ್ಬರಿಂದ ವಾಟ್ಸ್ಆ್ಯಪ್ ಮೂಲಕ ಡ್ರೈವರ್ ಕಡತವನ್ನು ತರಿಸಿದರು. ಅದನ್ನು ತೆರೆದಾಗ ಹಳದಿ ಪಟ್ಟಿಯ ಕಿಟಕಿಯೊಂದು ಮೂಡಿ, ಪ್ರಕಾಶಕರು ಅಪರಿಚಿತರೆಂದು ಎಚ್ಚರಿಸಿತು. 'ಸರ್, ಎಲ್ಲಾ ಕಡೆ ಇದನ್ನೇ ಹಾಕಿದ್ದಾರೆ, ಯೆಸ್ ಒತ್ತಿಬಿಡೋಣ' ಎಂದರು. ನಾನು ಒಪ್ಪಲಿಲ್ಲ. ಡಾಂಗಲ್ ತಯಾರಕರ ಜಾಲತಾಣದಿಂದಲೇ ಕಡತವನ್ನು ಇಳಿಸಿಕೊಳ್ಳುವಷ್ಟರಲ್ಲಿ, ನೆಟ್‌ವರ್ಕ್ ದೆಸೆಯಿಂದ ಮುಕ್ಕಾಲು ಗಂಟೆ ಕಳೆಯಿತು. ಅರ್ಜಿದಾರರ ಅಸಮಾಧಾನವನ್ನೂ ಕೇಳಬೇಕಾಯಿತು. ವಾಟ್ಸ್ಆ್ಯಪ್‌ನಲ್ಲಿ ಬಂದ ಕಡತದಲ್ಲಿ ವಂಚನೆಯಿತ್ತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಅದು ಯಾರು ತಯಾರಿಸಿದ್ದೆಂದು ಹೇಳಲೂ ಆಧಾರವಿರಲಿಲ್ಲ.

ಇಷ್ಟು ಬಿಗಿ ಏಕೆಂಬ ಪ್ರಶ್ನೆ ಸಹಜ. ನಮ್ಮ ಖಾಸಗಿ ಕೀಲಿ ಡಾಂಗಲ್‌ನ ಒಳಗೇ ಇರುತ್ತದೆ. ಅದನ್ನು ಹೊರಗೆ ನಕಲು ಮಾಡಿಕೊಳ್ಳಲಾಗದಂತೆ ಆ ಸಾಧನವನ್ನು ರೂಪಿಸಲಾಗಿದೆ. ಆದರೆ ಡಾಂಗಲ್ ಚುಚ್ಚಿ ಪಿನ್ ಒತ್ತಿದ ಮೇಲೆ, ಅದೇ ಗಣಕಯಂತ್ರದಲ್ಲಿ ಅಡಗಿರುವ ಕೆಟ್ಟ ತಂತ್ರಾಂಶವು ಕೀಲಿಯನ್ನು ಕದಿಯದೆಯೇ ನಮ್ಮ ಹೆಸರಿನಲ್ಲಿ ಸಹಿ ಮಾಡಿಸಿಕೊಳ್ಳಬಹುದು. ಹಾಗೆ ಆದ ಸಹಿಗೂ ನಾವು ಮಾಡಿದ ಸಹಿಗೂ ಕಾಗದದ ಮೇಲೆ ವ್ಯತ್ಯಾಸ ಕಾಣದು. ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇರಿಸಿಕೊಳ್ಳಲು ಸೂಕ್ತ ಎಚ್ಚರಿಕೆ ವಹಿಸುವ ಹೊಣೆಯನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಪ್ರಕರಣವು ಸಹಿದಾರರ ಮೇಲೆಯೇ ಹೊರಿಸಿದೆ.

ಸಹಿ ಹೇಗೆ ನಡೆಯುತ್ತದೆಂಬುದನ್ನು ಸಂಕ್ಷೇಪವಾಗಿ ಹೇಳುವೆ. ಕಡತ ಎಷ್ಟೇ ದೊಡ್ಡದಿರಲಿ, ಅದರಿಂದ ನಿಗದಿತ ಉದ್ದದ ಒಂದು ಸಂಖ್ಯೆಯನ್ನು ಲೆಕ್ಕ ಹಾಕಬಹುದು. ಇದಕ್ಕೆ ಹ್ಯಾಶ್ ಎಂದು ಹೆಸರು. ಇಂದು ವಾಡಿಕೆಯಲ್ಲಿರುವ ಎಸ್‌ಎಚ್‌ಎ-256 ವಿಧಾನದಲ್ಲಿ ಇದನ್ನು 64 ಅಕ್ಷರಗಳಲ್ಲಿ ಬರೆಯುತ್ತಾರೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಸಂಖ್ಯೆ ಪೂರಾ ಬೇರೆಯಾಗುತ್ತದೆ. ತಯಾರಕರು ಈ ಹ್ಯಾಶ್‌ಗೆ ತಮ್ಮ ಖಾಸಗಿ ಕೀಲಿಯಿಂದ ಸಹಿ ಮಾಡುತ್ತಾರೆ. ಅವರು ಪ್ರಕಟಿಸಿರುವ ಸಾರ್ವಜನಿಕ ಕೀಲಿಯಿಂದ ಅದನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಜೋಡಿ ಕೀಲಿಗಳ ಈ ಕಲ್ಪನೆಯನ್ನು ಡಿಫಿ ಮತ್ತು ಹೆಲ್ಮನ್ 1976ರಲ್ಲಿ ಪ್ರಕಟಿಸಿದರು. ರಿವೆಸ್ಟ್, ಶಮಿರ್ ಮತ್ತು ಏಡಲ್‌ಮನ್ 1977ರಲ್ಲಿ ರೂಪಿಸಿದ ಆರ್‌ಎಸ್‌ಎ ವಿಧಾನವು ಅದನ್ನು ಬಳಕೆಗೆ ತಂದಿತು.

ಹ್ಯಾಶ್ ಒಂದೇ ಸಾಲದೇ, ಸಹಿ ಏಕೆ ಬೇಕು ಎಂಬುದಕ್ಕೆ 2016ರ ಫೆಬ್ರವರಿ 20ರ ಪ್ರಸಂಗವೇ ಉತ್ತರ. ಅಂದು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಜಾಲತಾಣಕ್ಕೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಅಳವಡಿಸಿದ ಬೇರೊಂದು ಕಡತದತ್ತ ತಿರುಗಿಸಿದ್ದರು. ಬಳಕೆದಾರರು ಹೋದದ್ದು ಸರಿಯಾದ ವಿಳಾಸಕ್ಕೇ. ಕೊಂಡಿಯನ್ನು ಬದಲಿಸಬಲ್ಲವರಿಗೆ ಅದೇ ಪುಟದಲ್ಲಿರುವ ಹ್ಯಾಶ್ ಸಂಖ್ಯೆಯನ್ನು ಬದಲಿಸುವುದು ಕಷ್ಟವಲ್ಲ. ತಯಾರಕರ ಖಾಸಗಿ ಕೀಲಿ ಕೈಗೆ ಸಿಗದೆ ಅವರ ಸಹಿಯನ್ನು ಮಾತ್ರ ಸೃಷ್ಟಿಸಲಾಗದು.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಚೆಕ್ಕಿನ ಸಹಿಯನ್ನು ಬ್ಯಾಂಕಿನವರು ಯಾವುದರೊಡನೆ ಹೋಲಿಸುತ್ತಾರೆ? ತಮ್ಮಲ್ಲಿ ಮೊದಲೇ ಇರುವ ಮಾದರಿ ಸಹಿಯೊಡನೆ. ಆ ಮಾದರಿ ಸಹಿ ಚೆಕ್ಕಿನ ಜೊತೆಗೆ ಬಂದದ್ದಲ್ಲ. ನಾವು ಅಧಿಕಾರ ವಹಿಸಿಕೊಂಡಾಗ ದೃಢೀಕೃತವಾಗಿ, ಪ್ರತ್ಯೇಕ ಪತ್ರದೊಡನೆ ಹೋದದ್ದು. ಚೆಕ್ ತಂದವನೇ ಮಾದರಿ ಸಹಿಯನ್ನೂ ಜೇಬಿನಿಂದ ತೆಗೆದುಕೊಟ್ಟರೆ ಯಾವ ಗುಮಾಸ್ತರೂ ಹಣ ಪಾವತಿಸಲಾರರು. ಸಾರ್ವಜನಿಕ ಕೀಲಿಯೆಂದರೆ ಈ ಮಾದರಿ ಸಹಿಯೇ. ಕಡತ ಬಂದ ದಾರಿಯಲ್ಲೇ ಕೀಲಿಯೂ ಬಂದಿದ್ದರೆ, ತಾಳೆಯಾದರೂ ಪ್ರಯೋಜನವಿಲ್ಲ.

ವಿಂಡೋಸ್‌ನಲ್ಲಿ ನಂಬಿಕಾರ್ಹ ಪ್ರಮಾಣೀಕರಣ ಸಂಸ್ಥೆಗಳ ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನು ಮೈಕ್ರೋಸಾಫ್ಟ್ ನಿರ್ವಹಿಸುತ್ತದೆ. ತಯಾರಕರ ಕೀಲಿಯನ್ನು ಆ ಸಂಸ್ಥೆಗಳು ದೃಢೀಕರಿಸಿರುತ್ತವೆ. ಲಿನಕ್ಸ್ ಲೋಕದಲ್ಲಿ ಜಿಎನ್‌ಯು ಪ್ರೈವಸಿ ಗಾರ್ಡ್ ಎಂಬ ಸಾಧನ ರೂಢಿಯಲ್ಲಿದೆ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿಗೆ ಬದಲಿಯಾಗಿ ವರ್ನರ್ ಕೋಖ್ ಇದನ್ನು ಬರೆದರು. ಮೊದಲ ಪೂರ್ಣ ಆವೃತ್ತಿ ಬಂದದ್ದು 1999ರಲ್ಲಿ. ಸಹಿ ತಾಳೆಯಾದಾಗಲೂ ಇದು ಕೆಲವೊಮ್ಮೆ 'ಸಹಿ ಸರಿಯಿದೆ, ಆದರೆ ಕೀಲಿ ಆ ಮಾಲೀಕರದೇ ಎಂಬುದಕ್ಕೆ ದೃಢೀಕರಣವಿಲ್ಲ' ಎಂಬರ್ಥದ ಎಚ್ಚರಿಕೆ ನೀಡುತ್ತದೆ. ಹಲವರು ಇದನ್ನು ದೋಷವೆಂದು ಭಾವಿಸುತ್ತಾರೆ. ನನಗೆ ಇದು ತೀರ ಪ್ರಾಮಾಣಿಕವಾದ ಷರಾ ಎನಿಸಿದೆ. ಆಗ ಕೀಲಿಯ 40 ಅಕ್ಷರಗಳ ಬೆರಳಚ್ಚನ್ನು ಬೇರೊಂದು ಮೂಲದಿಂದ ಪಡೆದು, ಪೂರ್ತಿಯಾಗಿ ಹೋಲಿಸಬೇಕು. ಕೊನೆಯ 8 ಅಕ್ಷರಗಳಷ್ಟನ್ನೇ ನೋಡುವ ಅಭ್ಯಾಸ ಬೇಡ. ಅಷ್ಟು ಮಾತ್ರ ಹೊಂದುವ ನಕಲಿ ಕೀಲಿಗಳನ್ನು ಸೃಷ್ಟಿಸಿ ತೋರಿಸಿದ್ದಾರೆ.

ಸಹಿಯಿದ್ದ ಮಾತ್ರಕ್ಕೆ ತಂತ್ರಾಂಶ ನಿರಪಾಯಕಾರಿ ಎಂದೂ ತಿಳಿಯಬಾರದು. 2017ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಸಿಕ್ಲೀನರ್ 5.33 ಆವೃತ್ತಿಯ ಕಲುಷಿತ ಪ್ರತಿಯು ತಯಾರಕರ ಅಧಿಕೃತ ಸಹಿಯೊಡನೆಯೇ ವಿತರಣೆಯಾಯಿತು, ಏಕೆಂದರೆ ದುಷ್ಕರ್ಮಿಗಳು ತಯಾರಿಕೆಯ ಹಂತಕ್ಕೇ ನುಗ್ಗಿದ್ದರು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಪತ್ತೆಯಾದಾಗಲೂ, ಅದನ್ನು ಸೇರಿಸಿದ್ದು ಆ ಯೋಜನೆಯ ನಿರ್ವಾಹಕರಲ್ಲಿ ಒಬ್ಬನಾಗಿದ್ದವನೇ. ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅವರಿಂದ ಅದು ಬಯಲಾಯಿತು. ಕಡತ ಯಾರಿಂದ ಬಂತು, ದಾರಿಯಲ್ಲಿ ಬದಲಾಗಿದೆಯೇ ಎಂಬುದನ್ನಷ್ಟೇ ಸಹಿ ಹೇಳಬಲ್ಲದು. ಕಳುಹಿಸಿದವರ ಪ್ರಾಮಾಣಿಕತೆ ಅದರ ವ್ಯಾಪ್ತಿಗೆ ಬರುವುದಿಲ್ಲ.

ಕಚೇರಿಯಲ್ಲಿ ಪರಿಶೀಲಿಸುವ ಕ್ರಮ ಸುಲಭ. ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಡಿಜಿಟಲ್ ಸಿಗ್ನೇಚರ್ಸ್ ಎಂಬ ಪುಟಕ್ಕೆ ಹೋಗಬೇಕು. ಆ ಪುಟವೇ ಕಾಣದಿದ್ದರೆ ಕಡತದಲ್ಲಿ ಸಾಮಾನ್ಯವಾಗಿ ಸಹಿ ಅಡಕವಾಗಿಲ್ಲವೆಂದೇ ಅರ್ಥ. ಕಂಡರೆ, ಸಹಿದಾರರ ಹೆಸರನ್ನು ಆರಿಸಿ ಡೀಟೇಲ್ಸ್ ಒತ್ತಿದಾಗ ಸಹಿ ಸರಿಯಿದೆಯೇ ಎಂಬುದು ತಿಳಿಯುತ್ತದೆ. ಅಲ್ಲಿಗೇ ನಿಲ್ಲದೆ ಹೆಸರನ್ನೂ ಓದಬೇಕು. ಡಾಂಗಲ್ ತಯಾರಕರ ಹೆಸರಿರಬೇಕಾದ ಕಡೆ ಕೇಳರಿಯದ ಕಂಪನಿಯ ಹೆಸರಿದ್ದರೆ, ಸರಿಯಾದ ಸಹಿಯೂ ನಮಗೆ ಉಪಯೋಗವಿಲ್ಲ. ಹ್ಯಾಶ್ ಲೆಕ್ಕ ಹಾಕಲು ವಿಂಡೋಸ್‌ನಲ್ಲಿಯೇ ಸರ್ಟ್‌ಯುಟಿಲ್ ಎಂಬ ಆದೇಶವಿದೆ.

ಆ ದಿನದ ನಂತರ ನಮ್ಮ ಪಂಚಾಯಿತಿಯಲ್ಲಿ ಒಂದು ವಹಿಯನ್ನು ಇರಿಸಿದ್ದೇವೆ. ತಂತ್ರಾಂಶದ ಹೆಸರು, ಇಳಿಸಿಕೊಂಡ ವಿಳಾಸ, ದಿನಾಂಕ, ಸಹಿಯಲ್ಲಿ ಕಂಡ ಪ್ರಕಾಶಕರ ಹೆಸರು, ಸ್ಥಾಪಿಸಿದವರ ಸಹಿ ಎಂಬ ಐದು ಅಂಕಣಗಳಿವೆ. ಪರಿಶೀಲಿಸಿದ ಡ್ರೈವರ್ ಪ್ರತಿಯನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಟ್ಟಿದ್ದೇವೆ. ಮುಂದಿನ ಬಾರಿ ಗಣಕಯಂತ್ರ ಕೆಟ್ಟಾಗ ಅರ್ಜಿದಾರರು ಮುಕ್ಕಾಲು ಗಂಟೆ ಕಾಯಬೇಕಾಗಿಲ್ಲ.